ಜ್ಯೇಷ್ಠತಾ ಪಟ್ಟಿಯಲ್ಲಿ ಇಪ್ಪತ್ತೆರಡನೆಯವಳು

ಮನುಷ್ಯನಿಗೆ ತನ್ನ ಹುಟ್ಟಿನ ಮೇಲೆ ಯಾವ ಅಧಿಕಾರವೂ ಇಲ್ಲ. ಯಾವ ವರ್ಷ, ಯಾವ ತಿಂಗಳು, ಯಾವ ದಿನ ಈ ಲೋಕಕ್ಕೆ ಬರಬೇಕೆಂಬುದನ್ನು ತೀರ್ಮಾನಿಸುವ ಶಕ್ತಿ ನಮ್ಮೆಲ್ಲರನ್ನೂ ಮೀರಿದ್ದು. ಭದ್ರಾವತಿಯಲ್ಲಿ ಆ ಶಕ್ತಿಗೆ ರುದ್ರಪ್ಪ ಮೇಷ್ಟ್ರು ಎಂದು ಹೆಸರಿತ್ತು. ಅವರು ನಮ್ಮ ಕಡೆಯ ಒಂದು ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯರು. ಬೇಸಿಗೆ ರಜ ಮುಗಿಯುವ ಹೊತ್ತಿಗೆ ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ದಾಖಲಾತಿ ಪುಸ್ತಕ ಬಿಚ್ಚಿ, ಎದುರಿಗೆ ನಿಂತ ಮಗುವನ್ನು ಒಮ್ಮೆ, ಅದರ ಹಿಂದೆ ನಿಂತ ಅಪ್ಪನನ್ನು ಒಮ್ಮೆ ನೋಡಿ, ಒಂದು ಜನ್ಮದಿನವನ್ನು ದಯಪಾಲಿಸುತ್ತಿದ್ದರು. ತಾರೀಕು ಯಾವಾಗಲೂ ಜೂನ್ ಒಂದೇ. ವರ್ಷವನ್ನು ಮಾತ್ರ ಅಪ್ಪನ ಕೋರಿಕೆಯಂತೆ ಹಿಂದೆ ಮುಂದೆ ಮಾಡುತ್ತಿದ್ದರು. ದಾಖಲೆಗಳನ್ನು ನಂಬುವುದಾದರೆ, ಆ ಕಾಲದಲ್ಲಿ ಜೂನ್ ಒಂದರಂದು ಭದ್ರಾವತಿಯ ಹೆರಿಗೆ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗ ಇದ್ದಿರಲಿಕ್ಕಿಲ್ಲ, ಉಳಿದ ಮುನ್ನೂರ ಅರವತ್ತನಾಲ್ಕು ದಿನ ಸೂಲಗಿತ್ತಿಯರು ನೊಣ ಹೊಡೆಯುತ್ತ ಕೂತಿರಬೇಕು.

ಇದನ್ನು ಮೋಸ ಎಂದು ಯಾರೂ ಭಾವಿಸಿರಲಿಲ್ಲ. ದೂರದೃಷ್ಟಿ ಎನ್ನುತ್ತಿದ್ದರು. ಮಗುವಿನ ವಯಸ್ಸಿನಲ್ಲಿ ಎರಡು ವರ್ಷ ಕಡಿಮೆ ಬರೆಸಿದರೆ ಆ ಎರಡು ವರ್ಷ ಎಲ್ಲಿಗೂ ಹೋಗುವುದಿಲ್ಲ. ಐವತ್ತು ವರ್ಷ ಬಿಟ್ಟು, ನಿವೃತ್ತಿಯ ತುದಿಯಲ್ಲಿ, ಕೈತುಂಬ ಸಂಬಳದ ಸಮೇತ ವಾಪಸು ಸಿಗುತ್ತದೆ ಎಂಬುದು ನಮ್ಮ ಹಿರಿಯರ ಸಿದ್ಧಾಂತ. ನನ್ನ ತಂದೆ ನನಗೂ ಹೀಗೆ ಎರಡು ವರ್ಷ ಉಳಿಸಿಕೊಟ್ಟಿದ್ದರು. ನಾನು ಊರಿನ ಕಬ್ಬಿಣದ ಕಾರ್ಖಾನೆಯ ಟೈಂ ಆಫೀಸಿನಲ್ಲಿ ಗುಮಾಸ್ತನಾಗಿ ಸೇರಿ, ಆ ಎರಡು ವರ್ಷದ ಮೇಲೆ ಕಣ್ಣಿಟ್ಟುಕೊಂಡೇ ದುಡಿದೆ. ಆಮೇಲೆ ಕಾರ್ಖಾನೆ ಸೊರಗಿತು. ನಿಜವಾದ ನಿವೃತ್ತಿಗೂ ಸುಳ್ಳು ನಿವೃತ್ತಿಗೂ ಬಹಳ ಮೊದಲೇ, ಸ್ವಯಂ ನಿವೃತ್ತಿ ಎಂಬ ಮರ್ಯಾದೆಯ ಹೆಸರಿನಲ್ಲಿ ನಮ್ಮನ್ನೆಲ್ಲ ಹಾರ ಹಾಕಿ ಮನೆಗೆ ಕಳಿಸಿದರು. ತಂದೆ ಉಳಿಸಿಕೊಟ್ಟ ಎರಡು ವರ್ಷ ಇವತ್ತಿಗೂ ಹಾಗೆಯೇ, ಒಂದು ದಿನವೂ ಬಳಸದೆ, ಹೊಚ್ಚ ಹೊಸದಾಗಿ ನನ್ನ ಬಳಿ ಇದೆ.

ಟೈಂ ಆಫೀಸಿನಲ್ಲಿ ನನ್ನ ಕೆಲಸ ಪಾಳಿ ಪಟ್ಟಿ ಬರೆಯುವುದು. ಯಾರು ಬೆಳಗಿನ ಪಾಳಿ, ಯಾರು ರಾತ್ರಿ ಪಾಳಿ, ಹಬ್ಬಕ್ಕೆ ಯಾರಿಗೆ ರಜ, ಯಾರಿಗೆ ಕುಲುಮೆ. ಕೇಳುವುದಕ್ಕೆ ಸಣ್ಣ ಕೆಲಸ, ಆದರೆ ಆ ಪಟ್ಟಿಯನ್ನು ಬೋರ್ಡಿಗೆ ಅಂಟಿಸುವ ದಿನ ನನಗೆ ಸಿಗುತ್ತಿದ್ದ ನಮಸ್ಕಾರಗಳು ಜನರಲ್ ಮ್ಯಾನೇಜರಿಗೂ ಸಿಗುತ್ತಿರಲಿಲ್ಲ. ಮುರುಗೇಶ ಎಂಬ ಫಿಟ್ಟರ್ ಪ್ರತಿ ತಿಂಗಳೂ ಬಂದು ನಿಲ್ಲುತ್ತಿದ್ದ. "ಸಾರ್, ಮಾರ್ನಿಂಗ್ ಶಿಫ್ಟ್ ಮಾತ್ರ ಹಾಕಬೇಡಿ ಸಾರ್. ನಮ್ಮ ಎಮ್ಮೆ ಬೇರೆ ಯಾರಿಗೂ ಹಾಲು ಕೊಡಲ್ಲ." ನಾನು, "ಕಂಪನಿ ಎಮ್ಮೆಯನ್ನು ಕೇಳಿ ಕುಲುಮೆ ಹೊತ್ತಿಸುತ್ತದೇನಯ್ಯ?" ಎಂದರೆ, "ನಾನು ಅದಕ್ಕೆ ಹೇಳಿ ನೋಡಿದೆ ಸಾರ್, ಶಿಫ್ಟ್ ಅಂದ್ರೆ ಅದಕ್ಕೆ ಅರ್ಥ ಆಗಲ್ಲ" ಎನ್ನುತ್ತಿದ್ದ. ಇಂಥ ಕೋರಿಕೆಗಳ ನಡುವೆ ನನ್ನನ್ನು ಕಾಪಾಡುತ್ತಿದ್ದುದು ಒಂದೇ ಒಂದು, ಜ್ಯೇಷ್ಠತಾ ಪಟ್ಟಿ. ಮೊದಲು ಸೇರಿದವನು ಮೊದಲು ಆರಿಸಿಕೊಳ್ಳುತ್ತಾನೆ. ಒಂದೇ ದಿನ ಸೇರಿದವರಲ್ಲಿ ವಯಸ್ಸಿನಲ್ಲಿ ಹಿರಿಯನು ಮೇಲೆ, ಕಿರಿಯನು ಕೆಳಗೆ. ಈ ನಿಯಮವನ್ನು ಎಷ್ಟು ಸಲ ಎಷ್ಟು ಜನಕ್ಕೆ ಗಂಭೀರವಾಗಿ ವಿವರಿಸಿದ್ದೇನೋ ಲೆಕ್ಕವಿಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನಗೆ ಆ ನಿಯಮ ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿ ಇಲ್ಲ.

ನನ್ನ ತಂಗಿ ಗಿರಿಜಳ ಗಂಡ ಕಾಮಾಲೆಯಾಗಿ ಹದಿನೈದು ದಿನದಲ್ಲಿ ಹೋಗಿಬಿಟ್ಟಾಗ ಅವಳ ಮಗಳು ಚೈತ್ರಳಿಗೆ ಆರು ವರ್ಷ. ಆ ಗಲಾಟೆಯಲ್ಲಿ ಮಗುವಿನ ಶಾಲೆಯ ಒಂದು ವರ್ಷ ತಪ್ಪಿತು. ಮುಂದಿನ ವರ್ಷ ಒಂದನೇ ತರಗತಿಗೆ ಸೇರಿಸುವ ಹೊತ್ತಿಗೆ ಏಳು ದಾಟಿತ್ತು. ಹುಟ್ಟಿದ್ದು ಹಳ್ಳಿಯ ಅಜ್ಜಿಮನೆಯಲ್ಲಿ, ಸಂಕ್ರಾಂತಿ ಕಳೆದ ಮೂರನೆಯ ದಿನ. ಆ ಹುಟ್ಟನ್ನು ಎಲ್ಲೂ ಬರೆಸಿದವರು ಯಾರೂ ಇಲ್ಲ. ಗಿರಿಜ ಆಗ ಏನು ಹೇಳಿದರೂ ತಲೆಯಾಡಿಸುವ ಸ್ಥಿತಿಯಲ್ಲಿದ್ದಳು. ಸೋದರಮಾವನಾದ ನಾನು ಜವಾಬ್ದಾರಿ ವಹಿಸಿಕೊಂಡು, ಅವಳನ್ನೂ ಮಗುವನ್ನೂ ರುದ್ರಪ್ಪ ಮೇಷ್ಟರ ಮುಂದೆ ನಿಲ್ಲಿಸಿದೆ. ಮೇಷ್ಟ್ರು ನಿಯಮದಂತೆ ವರ್ಷ ಕೇಳಿದರು. ನಾನು ನಿಯಮದಂತೆ ಕಡಿಮೆ ಹೇಳಿದೆ. ಹೀಗೆ ಚೈತ್ರ, ಹುಟ್ಟಿದ ಒಂದು ವರ್ಷ ನಾಲ್ಕೂವರೆ ತಿಂಗಳ ನಂತರ, ಜೂನ್ ಒಂದರಂದು, ದಾಖಲಾತಿ ಪುಸ್ತಕದಲ್ಲಿ ಮತ್ತೊಮ್ಮೆ ಹುಟ್ಟಿದಳು. ಗಿರಿಜ ಕೆಳಗೆ ಸಹಿ ಹಾಕಿದಳು. ಹೊರಗೆ ಬಂದಮೇಲೆ, "ಸುಳ್ಳು ಬರೆಸಿದ್ದು ಮುಂದೆ ತೊಂದರೆ ಆಗಲ್ವಾ ಅಣ್ಣ?" ಎಂದು ಕೇಳಿದ್ದು ಅವಳೊಬ್ಬಳೇ. "ಅವಳ ಕಡೇಗಾಲಕ್ಕೆ ಒಳ್ಳೇದಾಗುತ್ತೆ, ನೋಡ್ತಿರು," ಎಂದು ನಾನು ಅಭಯ ಕೊಟ್ಟಿದ್ದೆ. ಏಳು ವರ್ಷದ ಹುಡುಗಿ ಪಕ್ಕದಲ್ಲಿ ನಿಂತು ಬೆಲ್ಲದ ಮಿಠಾಯಿ ಚೀಪುತ್ತಿದ್ದಳು.

ಚೈತ್ರ ಬ್ಯಾಂಕು ಸೇರುತ್ತಾಳೆ ಎಂದುಕೊಂಡಿದ್ದೆವು. ಅವಳು ವಿಮಾನ ಓಡಿಸುತ್ತೇನೆ ಎಂದಳು. ಮನೆಯಲ್ಲಿ ಯಾರಿಗೂ ಸ್ಕೂಟರು ಕೂಡ ಸರಿಯಾಗಿ ಬರುತ್ತಿರಲಿಲ್ಲ, ನಾನು ಸೈಕಲ್ಲಿನಿಂದ ಇಳಿಯುವಾಗ ಇವತ್ತಿಗೂ ಒಂದು ಕಂಬ ಬೇಕು. ಗಿರಿಜ ಮಾತ್ರ ಒಂದೂ ಪ್ರಶ್ನೆ ಕೇಳದೆ, ಗಂಡ ಬಿಟ್ಟುಹೋಗಿದ್ದ ಸೈಟನ್ನು ಮಾರಿ ಮಗಳನ್ನು ಕಲಿಯಲು ಕಳಿಸಿದಳು. ಆ ಹೊತ್ತಿಗೆ ನಾವೆಲ್ಲ ಶಿವಮೊಗ್ಗದ ವಿದ್ಯಾನಗರಕ್ಕೆ ಬಂದು, ಕೆಳಗೆ ನಾನು ಮತ್ತು ನನ್ನ ಹೆಂಡತಿ ಸುಮಿತ್ರ, ಮಹಡಿಯಲ್ಲಿ ಗಿರಿಜ ಎಂದು ಒಂದೇ ಮನೆಯಲ್ಲಿದ್ದೆವು. ಚೈತ್ರಳಿಗೆ ಒಂದು ವಿಮಾನ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂಬ ಸುದ್ದಿ ಬಂದ ತಿಂಗಳಲ್ಲೇ ಗಿರಿಜ ಪಕ್ಕದಲ್ಲಿಟ್ಟ ಕಾಫಿ ಲೋಟವನ್ನು ಎರಡು ಸಲ ಕೈತಾಗಿಸಿ ಉರುಳಿಸಿದಳು. ಸುಮಿತ್ರ, "ಇವ್ರಿಗೆ ಮಗಳು ಪೈಲಟ್ ಆದ್ಲು ಅಂತ ನೆಲ ಕಾಣಿಸ್ತಿಲ್ಲ," ಎಂದು ರೇಗಿಸಿದಳು. ಮೂರನೆಯ ಸಲ ಉರುಳಿದಾಗ ಯಾರೂ ನಗಲಿಲ್ಲ. ಸವಳಂಗ ರಸ್ತೆಯ ಕಣ್ಣಿನ ಡಾಕ್ಟರು ಅವಳ ಗಲ್ಲವನ್ನು ಒಂದು ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿ, "ಒತ್ತಡ ಜಾಸ್ತಿಯಾಗಿ ಕಣ್ಣಿನ ನರ ಒಣಗ್ತಾ ಬಂದಿದೆ. ಬದಿಯಿಂದ ಕತ್ತಲೆ ಕಟ್ಕೊಂಡು ಬರುತ್ತೆ. ಹೋಗಿರೋದು ವಾಪಸು ಬರಲ್ಲ. ಇರೋದನ್ನ ಒಂದು ವರ್ಷ, ಒಂದೂವರೆ ವರ್ಷ ಹಿಡ್ಕೊಳ್ಳೋಕೆ ನೋಡೋಣ," ಎಂದರು.

ಗಿರಿಜ ಆಟೋದಲ್ಲಿ ಕೂತಮೇಲೆ ಲೆಕ್ಕ ಹಾಕಿದಳು. "ನಮ್ಮ ಸೋಗಾನೆ ಏರ್‌ಪೋರ್ಟಿಗೆ ಬೆಂಗಳೂರಿಂದ ಬರುತ್ತಲ್ಲ ಅಣ್ಣ, ಎರಡು ಫ್ಯಾನಿನ ಸಣ್ಣ ವಿಮಾನ, ಅದು ಇವಳ ಕಂಪನೀದೇ ಅಲ್ವಾ? ಅವಳು ಅದನ್ನ ತಗೊಂಡು ಬರೋದನ್ನ ಒಂದ್ಸಲ ನೋಡ್ಬೇಕು. ಒಂದೇ ಸಲ. ಆಮೇಲೆ ಕಾಣ್ದೆ ಇದ್ರೂ ನಡೀತದೆ. ನಿಮ್ಮ ಮುಖಗಳನ್ನೆಲ್ಲ ಸಾಕಷ್ಟು ನೋಡಾಗಿದೆ." ನಾನು ಆಟೋದವನಿಗೆ ನಿಧಾನವಾಗಿ ಹೋಗಲು ಹೇಳಿದೆ, ಅವನು ನಿಧಾನವಾಗಿಯೇ ಹೋಗುತ್ತಿದ್ದ.

ವಿಮಾನ ಓಡಿಸುವವರು ಯಾವ ವಿಮಾನ ಓಡಿಸಬೇಕು, ಯಾವ ಊರಲ್ಲಿರಬೇಕು, ಯಾವ ದಿನ ಎಲ್ಲಿಗೆ ಹೋಗಬೇಕು ಎಂಬುದನ್ನು ಹೇಗೆ ನಿರ್ಧರಿಸುತ್ತಾರೆಂದು ನಾನು ಅದುವರೆಗೆ ಯೋಚಿಸಿರಲಿಲ್ಲ. ಬುದ್ಧಿವಂತರು ಕೂತು ಯೋಗ್ಯತೆಯ ಪ್ರಕಾರ ಹಂಚುತ್ತಾರೆ ಎಂಬ ಭಾವನೆಯಿತ್ತು. ಒಂದು ಭಾನುವಾರ ಚೈತ್ರ ಫೋನಿನಲ್ಲಿ ವಿವರಿಸಿದಳು. "ಹಾಗಲ್ಲ ಮಾಮ. ನಾವು ಈ ಸಲ ಇಪ್ಪತ್ನಾಲ್ಕು ಜನ ಸೇರಿದೀವಿ. ಖಾಲಿ ಇರೋ ಜಾಗದ ಪಟ್ಟಿ ಕೊಡ್ತಾರೆ. ಇಷ್ಟು ಡೆಲ್ಲಿ, ಇಷ್ಟು ಮುಂಬೈ, ಇಷ್ಟು ಕೊಲ್ಕತ್ತ. ಇಷ್ಟು ದೊಡ್ಡ ಜೆಟ್ಟು, ಇಷ್ಟು ಸಣ್ಣ ವಿಮಾನ. ಒಂದನೇ ನಂಬರಿನವರು ಮೊದಲು ಆರಿಸ್ಕೊಳ್ತಾರೆ, ಆಮೇಲೆ ಎರಡನೆಯವರು. ಕಡೆಯವ್ರಿಗೆ ಉಳಿದದ್ದು." ನನಗೆ ತಕ್ಷಣ ಅರ್ಥವಾಯಿತು. ಮದುವೆಮನೆಯ ಊಟ. ಮೊದಲ ಪಂಕ್ತಿಗೆ ಹೋಳಿಗೆ, ಕಡೆಯ ಪಂಕ್ತಿಗೆ ಬಡಿಸುವವರ ನಗುಮುಖ. "ಬೆಂಗಳೂರಿನ ಸಣ್ಣ ವಿಮಾನ ಎಷ್ಟಿದೆ?" ಎಂದೆ. "ನಾಲ್ಕು ಜಾಗ. ಎಲ್ರೂ ದೊಡ್ಡ ಜೆಟ್ಟಿಗೆ ಆಸೆ ಪಡ್ತಾರೆ, ಆದ್ರೆ ಬೆಂಗಳೂರು ಅಂದ್ರೆ ಅದನ್ನೂ ಬಿಡಲ್ಲ. ಮೊದಲ ಹತ್ತರೊಳಗೆ ಮುಗಿಯುತ್ತೆ." ಪಕ್ಕದಲ್ಲಿ ಕೂತಿದ್ದ ಗಿರಿಜ, "ನಮ್ಮ ಚೈತ್ರ ಪರೀಕ್ಷೇಲಿ ಫಸ್ಟಲ್ವ, ಅವಳೇ ಒಂದನೇ ನಂಬರು," ಎಂದಳು. ಚೈತ್ರ, "ಇಲ್ಲಮ್ಮ, ಮಾರ್ಕ್ಸ್ ಲೆಕ್ಕಕ್ಕಿಲ್ಲ. ಎಲ್ರೂ ಒಂದೇ ದಿನ ಸೇರಿದೀವಲ್ಲ. ವಯಸ್ಸಿನ ಮೇಲೆ ಹಾಕ್ತಾರೆ. ದೊಡ್ಡವರು ಮೊದಲು," ಎಂದಳು.

ನಾನು ಎದ್ದು ಹೋಗಿ ಹಿತ್ತಲಿನ ನಲ್ಲಿ ನಿಲ್ಲಿಸಿ ಬಂದೆ. ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ.

ಅವಳ ನಂಬರು ಇಪ್ಪತ್ತೆರಡು. ಹುಟ್ಟಿದ ನಿಜವಾದ ದಿನವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಮೂರು. ಇದನ್ನು ನಾನೇ ಕೂತು ಲೆಕ್ಕ ಹಾಕಿದೆ. ಚೈತ್ರಳಿಗೆ ಬೇರೆ ಕಾರಣ ಹೇಳಿ ಇಪ್ಪತ್ನಾಲ್ಕು ಜನರ ಜನ್ಮದಿನ ತರಿಸಿಕೊಂಡು, ಟೈಂ ಆಫೀಸಿನ ಹಳೆಯ ಪದ್ಧತಿಯಂತೆ ಗೆರೆ ಎಳೆದು, ಕಾಲಂ ಮಾಡಿ, ಅಚ್ಚುಕಟ್ಟಾಗಿ ಬರೆದೆ. ನಾನು ಬರೆದ ಪಟ್ಟಿಗಳಲ್ಲಿ ಇಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಮಧ್ಯದಲ್ಲಿ ಹತ್ತೊಂಬತ್ತು ಜನ. ಅವರೆಲ್ಲ ಎಲ್ಲೆಲ್ಲೋ ಆಸ್ಪತ್ರೆಗಳಲ್ಲಿ, ಸರಿಯಾದ ತಾರೀಕಿನಲ್ಲಿ, ಬುದ್ಧಿವಂತ ಸೋದರಮಾವಂದಿರಿಲ್ಲದೆ ಹುಟ್ಟಿದ ಮಕ್ಕಳು.

ಆಯ್ಕೆಗೆ ಇನ್ನೂ ಒಂಬತ್ತು ದಿನವಿತ್ತು. ಮಾರನೆಯ ಬೆಳಿಗ್ಗೆಯೇ ಭದ್ರಾವತಿಯ ಬಸ್ಸು ಹತ್ತಿದೆ. ಸುಮಿತ್ರಳಿಗೆ, ಪಿಂಚಣಿಯ ಕಾಗದ ಎಂದು ಹೇಳಿದ್ದೆ. "ಪಿಂಚಣಿ ಕಾಗದಕ್ಕೆ ಇಸ್ತ್ರಿ ಷರ್ಟು ಯಾಕ್ರೀ?" ಎಂದು ಅವಳು ಕೇಳುವ ಹೊತ್ತಿಗೆ ಗೇಟು ದಾಟಿದ್ದೆ. ರುದ್ರಪ್ಪ ಮೇಷ್ಟ್ರು ಹಳೇ ನಗರದಲ್ಲಿ ಮಗನ ಮನೆಯ ಜಗಲಿಯ ಮೇಲೆ, ಹಣೆಗೆ ಅಗಲವಾಗಿ ವಿಭೂತಿ ಹಚ್ಚಿಕೊಂಡು, ಪೇಪರು ಓದುತ್ತಿದ್ದರು. ಎಂಬತ್ತು ದಾಟಿದೆ, ಆದರೆ ಅವರ ವಯಸ್ಸನ್ನು ಬರೆದವರು ಯಾವ ಮೇಷ್ಟರೋ, ಖಚಿತವಾಗಿ ಹೇಳಲಾರೆ. ನಾನು ವಿಷಯ ಹೇಳಿ, ಹಳೆಯ ದಾಖಲಾತಿ ಪುಸ್ತಕದಲ್ಲಿ ತಪ್ಪಾಗಿ ಬರೆದಿತ್ತು ಎಂದು ಒಂದು ಪತ್ರ ಬರೆದುಕೊಡಲು ಆಗುತ್ತದೆಯೇ ಎಂದು ಕೇಳಿದೆ.

"ತಪ್ಪಾಗಿ?" ಎಂದರು ಮೇಷ್ಟ್ರು, ಪೇಪರು ಮಡಚಿ. "ನನ್ನ ಸರ್ವಿಸಿನಲ್ಲಿ ಒಂದು ತಾರೀಕೂ ತಪ್ಪಾಗಿ ಬರೆದಿಲ್ಲಯ್ಯ. ಕೇಳಿದ್ದನ್ನು ಬರೆದಿದ್ದೀನಿ. ನೀನು ಬಂದಿದ್ದು ಚೆನ್ನಾಗಿ ನೆನಪಿದೆ. ಎಷ್ಟು ಇಳಿಸ್ಲಿ ಅಂತ ನಾನು ಕೇಳಿದೆ. ನೀನು ಹೋಟ್ಲಲ್ಲಿ ಕಾಫಿಗೆ ಸಕ್ಕರೆ ಹೇಳೋ ಹಂಗೆ, ಒಂದೂವರೆ ಹಾಕಿ ಮೇಷ್ಟ್ರೇ ಅಂದೆ."

"ಅಂದೆ. ಆಗ ಒಳ್ಳೇದು ಅನ್ನಿಸ್ತು."

"ಒಳ್ಳೇದೇ ಅಲ್ವೇನಯ್ಯ? ಅರ್ಧ ಭದ್ರಾವತಿ ನನ್ನ ಕೈಯಿಂದ ಎರಡೆರಡು ವರ್ಷ ಜಾಸ್ತಿ ಸಂಬಳ ತಿಂದಿದೆ. ಯಾರೂ ಬಂದು ನನ್ನ ವಯಸ್ಸು ವಾಪಸು ಕೊಡಿ ಅಂದಿಲ್ಲ. ನೀನೇ ಮೊದಲು."

ನಾನು ಗಿರಿಜಳ ಕಣ್ಣಿನ ವಿಷಯ ಹೇಳಿದೆ. ಮೇಷ್ಟ್ರು ಒಳಗೆ ಹೋಗಿ, ಪೆನ್ನು ತಂದು, ಬಿಳಿ ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು, "ಏನು ಬರೀಲಿ ಹೇಳು. ನಾನು ಸುಳ್ಳು ಬರೆದೆ ಅಂತ ಬರೆದ್ರೆ ಆಗುತ್ತೋ? ಬರೀತೀನಿ. ಈ ವಯಸ್ಸಲ್ಲಿ ನನ್ನ ಪಿಂಚಣಿ ನಿಲ್ಲಿಸಿದ್ರೂ ಅಂಥಾ ನಷ್ಟ ಏನಿಲ್ಲ," ಎಂದರು. ಅವರ ಅಕ್ಷರ ಇನ್ನೂ ಗುಂಡಗೆ, ಅಚ್ಚಿನ ಹಾಗೆ. ಅವರು ಬರೆದುಕೊಟ್ಟರು. ನಾನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡು ಬಂದೆ.

ಆ ಪತ್ರದ ಫೋಟೋ ತೆಗೆದು ಚೈತ್ರಳಿಗೆ ಕಳಿಸಿದೆ. ಐದೇ ನಿಮಿಷಕ್ಕೆ ಫೋನು ಬಂತು. "ಮಾಮ, ಇದನ್ನ ಅಳಿಸಿಬಿಡಿ."

"ಯಾಕೆ? ಹೆಡ್ ಮಾಸ್ಟರು ಸ್ವತಃ..."

"ಅವ್ರು ಬರೆದ್ರೆ ಆಗಲ್ಲ ಮಾಮ. ಎಸ್ಸೆಸ್ಸೆಲ್ಸಿ ಕಾರ್ಡಲ್ಲಿ ಅದೇ ಇದೆ. ಅದನ್ನ ನೋಡಿ ಪಾಸ್‌ಪೋರ್ಟು ಕೊಟ್ರು, ಪಾಸ್‌ಪೋರ್ಟು ನೋಡಿ ಲೈಸೆನ್ಸು ಕೊಟ್ರು. ಕೋರ್ಟಿಗೆ ಹೋದ್ರೂ ವರ್ಷಗಟ್ಲೆ. ಅಲ್ಲಿವರೆಗೂ ಕಂಪನಿಗೆ ಹೋಗಿ ಏನು ಹೇಳ್ಲಿ? ನಾನು ಕೊಟ್ಟ ಹುಟ್ಟಿದ ತಾರೀಕು ಸುಳ್ಳು ಅಂತ ನಾನೇ ಹೇಳ್ಲಾ? ಕೆಲ್ಸಕ್ಕೆ ಸೇರಿ ಮೂರು ವಾರ ಆಗಿಲ್ಲ."

ನಾನು ಏನೋ ಹೇಳಲು ಹೊರಟೆ. ಅವಳೇ ಮುಂದುವರಿಸಿದಳು. "ನಾನು ಮೂರನೇ ನಂಬರು ಆಗ್ತಿದ್ದೆ ಅಂತ ಮೊದಲ ದಿನಾನೇ ಲೆಕ್ಕ ಹಾಕಿದ್ದೆ. ನಿಮ್ಮ ಹತ್ರ ಹೇಳೋದು ಬೇಡ ಅನ್ಕೊಂಡೆ. ನೀವು ಯಾಕೆ ಎಲ್ರ ಬರ್ತ್‌ಡೇ ಕೇಳಿದ್ರಿ ಅಂತಾನೂ ಗೊತ್ತಾಯ್ತು. ಸ್ನೇಹಿತರಿಗೆ ಶುಭಾಶಯ ಕಳಿಸ್ತೀನಿ ಅಂದ್ರಲ್ಲ, ಯಾರು ನಂಬ್ತಾರೆ ಮಾಮ? ನನ್ನ ಹುಟ್ಟಿದಹಬ್ಬಾನೇ ನಿಮ್ಗೆ ಯಾವತ್ತೂ ನೆನಪಿರಲ್ಲ." ನನಗೆ ಎರಡರಲ್ಲಿ ಯಾವುದನ್ನು ನೆನಪಿಟ್ಟುಕೊಳ್ಳಬೇಕೆಂದು ಯಾವತ್ತೂ ತಿಳಿದಿರಲಿಲ್ಲ ಎಂಬುದು ನಿಜ; ಆದರೆ ಅದನ್ನು ಹೇಳುವ ಸಮಯ ಅದಾಗಿರಲಿಲ್ಲ.

ಒಂಬತ್ತನೆಯ ದಿನ ಆಯ್ಕೆ ನಡೆಯಿತು. ಬೆಂಗಳೂರಿನ ಸಣ್ಣ ವಿಮಾನದ ನಾಲ್ಕು ಜಾಗಗಳು ಎರಡು, ನಾಲ್ಕು, ಐದು ಮತ್ತು ಒಂಬತ್ತನೆಯ ನಂಬರಿಗೆ ಹೋದವು. ಇಪ್ಪತ್ತೆರಡನೆಯ ನಂಬರು ಬರುವ ಹೊತ್ತಿಗೆ ಉಳಿದಿದ್ದುದು ಎರಡು ಡೆಲ್ಲಿ, ಒಂದು ಕೊಲ್ಕತ್ತ, ಮೂರೂ ದೊಡ್ಡ ಜೆಟ್ಟು. ದೊಡ್ಡ ಜೆಟ್ಟು ನಮ್ಮ ಊರಿನ ದಿಕ್ಕಿಗೆ ತಲೆ ಹಾಕುವುದಿಲ್ಲ. ಡೆಲ್ಲಿಯಲ್ಲಿ ಜನ ಜಾಸ್ತಿ, ಮೇಲೆ ಬರುವುದು ನಿಧಾನ, ಕೊಲ್ಕತ್ತದಲ್ಲಿ ಬೇಗ ಹಿರಿತನ ಸಿಕ್ಕಿ ವರ್ಗ ಕೇಳಬಹುದು ಎಂದು ಅವಳು ಕೊಲ್ಕತ್ತ ಆರಿಸಿಕೊಂಡಳು. ಹದಿನೆಂಟು ತಿಂಗಳು ಕಳೆಯದೆ ವರ್ಗ ಕೇಳುವಂತಿಲ್ಲ. ನಾವು ಮನೆಯಲ್ಲಿ ಪಾಯಸ ಮಾಡಿದೆವು. ಕೆಲಸ ಸಿಕ್ಕಿದ್ದಕ್ಕೆ ಮಾಡಬೇಕಲ್ಲ. ಗಿರಿಜ ಎರಡು ಸಲ ಹಾಕಿಸಿಕೊಂಡು, "ಕೊಲ್ಕತ್ತದಲ್ಲಿ ಸಿಹಿ ಚೆನ್ನಾಗಿರುತ್ತಂತೆ," ಎಂದಳು.

ಇನ್ನು ಉಳಿದಿದ್ದು ತಿಂಗಳ ಪಟ್ಟಿ. ಪ್ರತಿ ತಿಂಗಳೂ ವಿಮಾನದವರು ತಮಗೆ ಯಾವ ದಿನ ರಜ ಬೇಕು, ಯಾವ ಹಾರಾಟ ಬೇಕು ಎಂದು ಕಂಪ್ಯೂಟರಿನಲ್ಲಿ ಕೋರಿಕೆ ಹಾಕುತ್ತಾರೆ. ಅದು ಹಿರಿಯರಿಂದ ಶುರುಮಾಡಿ ಕೊಟ್ಟುಕೊಂಡು ಬರುತ್ತದೆ. ಇಲ್ಲಾದರೂ ನಾನು ಉಪಯೋಗಕ್ಕೆ ಬರಬಹುದೆಂದು ನನಗೆ ಹುರುಪು ಬಂತು. ಎಷ್ಟಾದರೂ ಇದು ನನ್ನ ಕಸುಬು. "ನೋಡು ಮಗಳೇ, ಪಟ್ಟಿ ಬರೆಯುವವನ ಮನಸ್ಸು ನನಗೆ ಗೊತ್ತು," ಎಂದು ಶುರುಮಾಡಿದೆ. "ಎಲ್ರೂ ಬೇಡ ಅನ್ನೋದನ್ನ ನೀನು ಕೇಳು. ಶಿವರಾತ್ರಿಗೆ ಡ್ಯೂಟಿ ಕೊಡಿ ಅಂತ ನೀನಾಗೇ ಹಾಕು. ಅವನಿಗೆ ನಿನ್ನ ಮೇಲೆ ಒಂದು ಮರ್ಜಿ ಬರುತ್ತೆ. ಯುಗಾದಿಗೆ ನಾಲ್ಕು ದಿನ ತಾನಾಗೇ ಬಿಡ್ತಾನೆ." ಚೈತ್ರ ಪಾಪ, ಹಾಗೆಯೇ ಹಾಕಿದಳು. ಶಿವರಾತ್ರಿಗೆ ಡ್ಯೂಟಿ ಸಿಕ್ಕಿತು. ಯುಗಾದಿಗೂ ಡ್ಯೂಟಿ ಸಿಕ್ಕಿತು. ಮುರುಗೇಶ ತನ್ನ ಎಮ್ಮೆಯ ಕಷ್ಟವನ್ನು ನನ್ನ ಮುಖ ನೋಡಿ ಹೇಳುತ್ತಿದ್ದ, ನಾನು ಬೈದು, ಕೊನೆಗೆ ಪೆನ್ಸಿಲ್ಲಿನಲ್ಲಿ ಒಂದು ಹೆಸರು ಅಳಿಸಿ ಇನ್ನೊಂದು ಬರೆಯುತ್ತಿದ್ದೆ. ಇಲ್ಲಿ ಅಳಿಸುವವರು ಯಾರೂ ಇರಲಿಲ್ಲ. ಅಮ್ಮನಿಗೆ ಕಣ್ಣು ಹೋಗುತ್ತಿದೆ ಎಂದು ಬರೆಯಲು ಆ ಕೋರಿಕೆಯಲ್ಲಿ ಜಾಗವೇ ಇಲ್ಲವಂತೆ. ನಾನು ಸಲಹೆ ಕೊಡುವುದನ್ನು ನಿಲ್ಲಿಸಿದೆ. ಅದರ ಮುಂದಿನ ತಿಂಗಳು ಅವಳಿಗೆ ಮೂರು ದಿನ ರಜ ಸಿಕ್ಕಿತು.

ಆ ಮೂರು ದಿನದಲ್ಲಿ ಒಂದೂವರೆ ದಿನ ಹೋಗಿಬರುವುದಕ್ಕೇ ಆಯಿತು. ಉಳಿದ ಹೊತ್ತು ತಾಯಿ ಮಗಳು ಮಹಡಿಯ ಮೇಲೆ ಒಂದೇ ಮಂಚದಲ್ಲಿ ಒರಗಿಕೊಂಡು, ನಮಗೆ ಕೇಳಿಸದಂತೆ ಮಾತಾಡಿದರು. ಚೈತ್ರ ಹೋದಮೇಲೆ ಗಿರಿಜ ಅವಳು ಸಮವಸ್ತ್ರ ಹಾಕಿಕೊಂಡು ತೆಗೆಸಿದ್ದ ಫೋಟೋವನ್ನು ಫೋನಿನಲ್ಲಿ ನೋಡುತ್ತ ಕೂತಿದ್ದಳು. ನೋಡುವುದೆಂದರೆ, ಆ ಹೊತ್ತಿಗೆ ಅವಳಿಗೆ ನಡುವೆ ಒಂದು ಉಂಗುರದಷ್ಟು ಮಾತ್ರ ಕಾಣುತ್ತಿತ್ತು. ಫೋನನ್ನು ಮೇಲೆ ಕೆಳಗೆ ಸರಿಸಿ ಮಗಳನ್ನು ತುಂಡು ತುಂಡಾಗಿ ಹುಡುಕುತ್ತಿದ್ದಳು. "ಟೋಪಿ ಸಿಕ್ತು," ಎಂದಳು ನನ್ನ ಹೆಜ್ಜೆ ಸದ್ದು ಕೇಳಿ. "ಭುಜದ ಪಟ್ಟಿನೂ ಸಿಕ್ತು. ಮುಖ ಎಲ್ಲಿ ಹೋಯ್ತು ಮಾರಾಯ?" ನಾನು ಅವಳ ಕೈ ಹಿಡಿದು ಸ್ವಲ್ಪ ಕೆಳಕ್ಕೆ ಸರಿಸಿದೆ. "ಹಾಂ, ಇಲ್ಲಿದಾಳೆ," ಎಂದಳು.

ಅಲ್ಲಿಯೇ ಹೇಳಿಬಿಟ್ಟೆ. ನಂಬರು ಇಪ್ಪತ್ತೆರಡಾಗಿದ್ದು ನನ್ನಿಂದ, ನಾನು ಸುಮ್ಮನಿದ್ದಿದ್ದರೆ ಮೂರು, ಒಂದನೆಯ ತಿಂಗಳೇ ಬೆಂಗಳೂರಲ್ಲಿರುತ್ತಿದ್ದಳು, ಇಷ್ಟು ಹೊತ್ತಿಗೆ ನೀನು ನೋಡಿ ಆಗಿರುತ್ತಿತ್ತು ಎಂದು. ನನ್ನ ಮಟ್ಟಿಗೆ ಇದೊಂದು ದೊಡ್ಡ ತಪ್ಪೊಪ್ಪಿಗೆ. ಅವಳು ಅಳಬಹುದು ಅಥವಾ ಬೈಯಬಹುದು, ಎರಡಕ್ಕೂ ಸಿದ್ಧನಾಗಿದ್ದೆ. ಅವಳು ಫೋನು ಪಕ್ಕಕ್ಕಿಟ್ಟಳು. "ನಂಗೇನು ಲೆಕ್ಕ ಬರಲ್ವಾ ಅಣ್ಣ? ವಯಸ್ಸಿನ ಮೇಲೆ ಅಂತ ಅವಳು ಹೇಳಿದ ದಿನಾನೇ ಗೊತ್ತಾಯ್ತು. ನೀನು ನೀರಿಲ್ದಿರೋ ನಲ್ಲಿ ನಿಲ್ಲಿಸೋಕೆ ಹೋದ್ಯಲ್ಲ, ಆವಾಗ್ಲೇ."

"ಮತ್ತೆ ಒಂದು ಮಾತು ಅನ್ನಲಿಲ್ಲ?"

"ಏನನ್ಲಿ? ಬರೆಸಿದ್ದು ನೀನು, ಸಹಿ ಹಾಕಿದ್ದು ನಾನು. ಎಲ್ಲಾನೂ ನಿನ್ನಿಂದಲೇ ಆಯ್ತು ಅಂತ ಹೇಳ್ಕೊಳ್ಳೋ ಚಟ ನಿಂಗೆ ಚಿಕ್ಕಂದಿನಿಂದ. ಒಳ್ಳೇದಾದ್ರೂ ನಾನು ಮಾಡಿದ್ದು, ಕೆಟ್ಟದಾದ್ರೂ ನಾನು ಮಾಡಿದ್ದು. ಸ್ವಲ್ಪ ನಂಗೂ ಬಿಡು." ಆಮೇಲೆ, ನಾನು ಇನ್ನೂ ಹೋಗಿಲ್ಲವೆಂದು ಗೊತ್ತಾಗಿ, "ಅವತ್ತು ನೀನು ಬಂದು ಕೈ ಹಿಡ್ಕೊಂಡು ಶಾಲೆಗೆ ಕರ್ಕೊಂಡು ಹೋಗ್ದೆ ಇದ್ರೆ ಅವಳು ಆ ವರ್ಷಾನೂ ಸೇರ್ತಿರಲಿಲ್ಲ. ನಂಗೆ ಎದ್ದು ನಿಲ್ಲೋಕೂ ಆಗ್ತಿರಲಿಲ್ಲ. ಹೋಗು, ಸುಮಿತ್ರ ಊಟಕ್ಕೆ ಕರೀತಿದಾಳೆ," ಎಂದಳು. ಸುಮಿತ್ರ ಕರೆದಿರಲಿಲ್ಲ. ನಾನು ಕೆಳಗಿಳಿದು ಹೋಗಿ ಊಟಕ್ಕೆ ಕೂತೆ. ಅವಳು ಬೈದಿದ್ದರೆ ಎರಡು ತುತ್ತು ಜಾಸ್ತಿ ಇಳಿಯುತ್ತಿತ್ತು.

ನನ್ನ ಸಿದ್ಧಾಂತ ಪೂರ್ತಿ ಸುಳ್ಳಾಯಿತೆಂದು ಯಾರೂ ತಿಳಿಯಬಾರದು. ವಿಮಾನದವರು ಅರವತ್ತೈದಕ್ಕೆ ನಿವೃತ್ತರಾಗುತ್ತಾರೆ. ಚೈತ್ರಳ ಜೊತೆ ಸೇರಿದವರಲ್ಲಿ ಹಿರಿಯರೆಲ್ಲ ಮೊದಲು ಮನೆಗೆ ಹೋಗುತ್ತಾರೆ. ಕೊನೆಯ ಒಂದು ವರ್ಷ ನಾಲ್ಕೂವರೆ ತಿಂಗಳು, ನಾನು ಉಳಿಸಿಕೊಟ್ಟ ಅವಧಿ, ಅವಳು ಪಟ್ಟಿಯ ತುದಿಯ ಹತ್ತಿರದಲ್ಲೇ ಇರುತ್ತಾಳೆ. ಆಗ ಯಾವ ಊರು ಬೇಕೋ ಆ ಊರು, ಯಾವ ವಿಮಾನ ಬೇಕೋ ಆ ವಿಮಾನ, ಯುಗಾದಿಗೂ ರಜ, ಶಿವರಾತ್ರಿಗೂ ರಜ. ಇದನ್ನು ಕೂಡ ಲೆಕ್ಕ ಹಾಕಿ ನೋಡಿದ್ದೇನೆ. ಆ ಹೊತ್ತಿಗೆ ಗಿರಿಜಳಿಗೆ ತೊಂಬತ್ತೈದು ವರ್ಷ. ನನ್ನ ವಯಸ್ಸನ್ನು, ಸುಳ್ಳು ಲೆಕ್ಕದಲ್ಲಿ ಹಾಕಿ ನೋಡಿದರೂ, ಹೇಳಿ ಪ್ರಯೋಜನವಿಲ್ಲ.

ಹದಿನೆಂಟು ತಿಂಗಳು ತುಂಬಿದ ದಿನವೇ ಚೈತ್ರ ವರ್ಗ ಕೇಳಿದಳು. ದೊಡ್ಡ ಜೆಟ್ಟು ಬಿಟ್ಟು ಸಣ್ಣ ವಿಮಾನಕ್ಕೆ ಬರುತ್ತೇನೆ ಎಂದು ಅರ್ಜಿ ಹಾಕಿದವಳು ಅವಳೊಬ್ಬಳೇ. ತಹಸೀಲ್ದಾರನಾದವನು ತಾನಾಗಿ ಗುಮಾಸ್ತಿಕೆ ಕೇಳಿದಂತೆ ಅದು. ತಲೆ ಸರಿಯಿದೆಯೇ ಎಂದು ಮೇಲಿನವರು ಕೇಳಿದರಂತೆ. ಒಂದು ವಿಮಾನ ಕಲಿತವರು ಇನ್ನೊಂದನ್ನು ಓಡಿಸಬೇಕಾದರೆ ಮತ್ತೆ ಮೊದಲಿನಿಂದ ಕಲಿಯಬೇಕು. ಅದಕ್ಕೆ ಐದು ತಿಂಗಳು ಹಿಡಿಯಿತು. ಬೆಂಗಳೂರಿಗೆ ಬಂದಮೇಲೆ ಅಲ್ಲಿಯ ಪಟ್ಟಿಯಲ್ಲಿ ಮತ್ತೆ ಕಡೆಯವಳು. ಶಿವಮೊಗ್ಗದ ಹಾರಾಟಕ್ಕೆ ನಾಲ್ಕು ತಿಂಗಳು ಕೋರಿಕೆ ಹಾಕಿದಳು, ನಾಲ್ಕು ತಿಂಗಳೂ ಬೇರೆ ಊರು ಬಂತು. ಐದನೆಯ ತಿಂಗಳು, ಶ್ರಾವಣದ ಒಂದು ಗುರುವಾರ, ಸಿಕ್ಕಿತು.

ಅವತ್ತು ಮೂವರೂ ಕಾರು ಮಾಡಿಕೊಂಡು ಸೋಗಾನೆಗೆ ಹೋದೆವು. ಗಿರಿಜ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಸುಮಿತ್ರ ನೆರಿಗೆ ಹಿಡಿದು ಕೊಟ್ಟಿದ್ದಳು. ಒಳಗೆ ಹೋದರೆ ಏನೂ ಕಾಣುವುದಿಲ್ಲವೆಂದು ಹೊರಗಿನ ರಸ್ತೆಯ ಏರಿನಲ್ಲಿ, ತಂತಿ ಬೇಲಿಯ ಪಕ್ಕ ನಿಂತೆವು. ಅರ್ಧ ಗಂಟೆಯಲ್ಲಿ ಮತ್ತೆ ಹೊರಡಬೇಕಾದ್ದರಿಂದ ಚೈತ್ರ ಹೊರಗೆ ಬರುವಂತಿಲ್ಲ ಎಂದು ಮೊದಲೇ ಹೇಳಿದ್ದಳು. ಮೋಡ ಚೆದುರಿತ್ತು, ಬಿಸಿಲಿತ್ತು. ದೂರದಲ್ಲಿ ಸದ್ದು ಕೇಳಿದಾಗ ಗಿರಿಜ ನನ್ನ ತೋಳು ಹಿಡಿದುಕೊಂಡು, "ಯಾವ ಕಡೆ?" ಎಂದಳು. ನಾನು ಅವಳ ಭುಜ ಹಿಡಿದು ತಿರುಗಿಸಿದೆ. "ಹೇಳ್ತಾ ಇರು," ಎಂದಳು. ಬಿಳೀ ವಿಮಾನ, ಎರಡು ಫ್ಯಾನು, ಇಳೀತಾ ಇದೆ, ಇನ್ನೂ ಇಳೀತಾ ಇದೆ, ಚಕ್ರ ಮುಟ್ತು ಎಂದು ನಾನು ಹೇಳಿದೆ.

ವಿಮಾನ ಹನ್ನೊಂದು ಹತ್ತಕ್ಕೆ ಇಳಿಯಿತು, ಹನ್ನೊಂದು ನಲವತ್ತಕ್ಕೆ ಹೊರಟಿತು. ಎರಡು ಸಲವೂ ಗಿರಿಜ ಸದ್ದು ಬಂದ ಕಡೆಗೆ ಮುಖ ಮಾಡಿ ನಿಂತಿದ್ದಳು. ಅವಳ ಎರಡನೆಯ ಕಣ್ಣು ಹೋಗಿ ಆಗ ಎಂಟು ತಿಂಗಳಾಗಿತ್ತು.